ಗೊತ್ತಿದ್ದವನೋ, ಗೊತ್ತಿಲ್ಲದವನೋ

ತ್ರಾಯಾಂಕಾಳ ಕೈ ಮುರಿದವನು ಸಿಕ್ಕಿರಲಿಲ್ಲ. ಅವನ ಮುಖವನ್ನು ಯಾರೂ ನೋಡಿರಲಿಲ್ಲ. ಆದರೂ ಸರ್ಕಾರ ತನಗೆ ದುಡ್ಡು ಕೊಡುತ್ತದಂತೆ ಎಂದು ಕೇಳಿದ ತಕ್ಷಣ ತ್ರಾಯಾಂಕಾ ತನ್ನ ಕೈಚೀಲವನ್ನು ಆಸ್ಪತ್ರೆಯ ದಿಂಬಿನ ಕೆಳಗೆ ತಳ್ಳಿದಳು. ಕಬ್ಬಿಣದ ಸರಳಿನ ಏಟು ಬಿದ್ದಾಗಲೂ ಅವಳು ಬಿಡದೆ ಹಿಡಿದುಕೊಂಡಿದ್ದ ಚೀಲ ಅದು.

"ಯಾವನೋ ಹೊಡೆದ. ನೀವ್ಯಾಕೆ ಕೊಡ್ತೀರಿ?"

ಆಸ್ಪತ್ರೆಯ ಸಮಾಜಸೇವಕಿ ಬ್ರಾನ್ವಿನ್ ತಾಳ್ಮೆಯಿಂದ ಹೇಳಿದಳು. ಹಲ್ಲೆಗೆ ಗುರಿಯಾದವರಿಗೆ ಅಂತಲೇ ಒಂದು ಕಚೇರಿ ಇದೆ. ಪೊಲೀಸ್ ದೂರು ಇರಬೇಕು, ಗಾಯದ ಬಗ್ಗೆ ಡಾಕ್ಟರು ಬರೆದುಕೊಡಬೇಕು. ತಪ್ಪಿಹೋದ ಸಂಬಳ, ಚಿಕಿತ್ಸೆಯ ಖರ್ಚು, ಹೆದರಿದ ಮನಸ್ಸಿಗೆ ಆಪ್ತಸಲಹೆ, ಮತ್ತೆ ಅನುಭವಿಸಿದ ನೋವಿಗೆ ಅಂತ ಒಂದಿಷ್ಟು. ಹೊಡೆದವನು ಸಿಕ್ಕಲೇಬೇಕು ಅಂತಿಲ್ಲ. ವಕೀಲರೂ ಬೇಕಾಗಿಲ್ಲ.

ವಕೀಲರು ಬೇಡ ಎಂದ ಮೇಲೆ ಇದರಲ್ಲಿ ಏನೋ ಮೋಸವಿದೆ ಎಂದು ತ್ರಾಯಾಂಕಾಳಿಗೆ ಖಾತ್ರಿಯಾಯಿತು. ಅವಳು ಹುಟ್ಟಿದ್ದು ಬಿಟೋಲಾ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಸರ್ಕಾರದವರು ಮನೆಗೆ ಬಂದು ಹೆಸರು ಬರೆದುಕೊಂಡರೆ ಅದು ಏನನ್ನಾದರೂ ಒಯ್ಯುವುದಕ್ಕೇ ಆಗಿರುತ್ತಿತ್ತು. ಮದುವೆಯಾಗಿ ಸಮುದ್ರ ದಾಟಿ ಪೋರ್ಟ್ ಕೆಂಬ್ಲಾಕ್ಕೆ ಬಂದು, ಉಕ್ಕಿನ ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡು, ಕ್ಲಬ್ಬೊಂದರಲ್ಲಿ ನೆಲ ಒರೆಸುತ್ತಲೇ ಕೂದಲು ಹಣ್ಣಾಗಿದ್ದರೂ ಆ ಬುದ್ಧಿ ಹೋಗಿರಲಿಲ್ಲ.

ಮನೆಗೆ ಬಂದ ವಾರದಲ್ಲೇ ತಂಗಿ ಸ್ಪಾಸಿಯಾ ತಟ್ಟೆಯಗಲದ ಪಾಲಕ್ಕಿನ ಕಡುಬು ಹೊತ್ತು ಬಂದಳು. ವಿಷಯ ಕೇಳಿದವಳೇ, "ಅರ್ಜಿ ಹಾಕು ಅಕ್ಕ, ಯೋಚನೆ ಮಾಡಬೇಡ," ಎಂದಳು.

"ನಾಳೆ ವಾಪಸ್ ಕೊಡು ಅಂದ್ರೆ?"

"ಹೊಡೆದೋನು ಸಿಕ್ಕಿ ತಪ್ಪು ಸಾಬೀತಾದ್ರೆ ಅವನ ಹತ್ರ ವಸೂಲಿ ಮಾಡ್ತಾರೆ. ನಿನ್ನ ತಂಟೆಗೆ ಬರಲ್ಲ. ಆಮೇಲೆ, ಅವರು ಕೇಳಿದ್ರೆ ಗೊತ್ತಿಲ್ಲದವನು ಅಂತ ಹೇಳಿ ಸುಮ್ಮನಾಗು. ಗೊತ್ತಿರೋನು ಅಂತ ಆದ್ರೆ ಅವರ ಪ್ರಶ್ನೆಗಳು ಮುಗಿಯೋದೇ ಇಲ್ಲ."

"ನಿನಗೆ ಇದೆಲ್ಲ ಹೇಗೆ ಗೊತ್ತು?"

"ಯಾರೋ ಹೇಳಿದ್ರು," ಎಂದು ಸ್ಪಾಸಿಯಾ ಕಡುಬು ಕತ್ತರಿಸತೊಡಗಿದಳು. ತಲೆ ಎತ್ತಲಿಲ್ಲ.

ಅವಳು ಹೋದ ಮೇಲೆ ಆ ಮಾತುಗಳು ತ್ರಾಯಾಂಕಾಳ ತಲೆಯಲ್ಲಿ ನೊಣದಂತೆ ಸುತ್ತಿದವು. ಚರ್ಚಿನಿಂದ ಬರುವಾಗ, ರೈಲ್ವೆ ನಿಲ್ದಾಣದ ಮೆಟ್ಟಿಲ ಬಳಿ, ಹಾಡಹಗಲಲ್ಲಿ ಬಂದವನು ಮುಸುಕು ಹಾಕಿದ್ದ, ಒಂದೂ ಮಾತಾಡಲಿಲ್ಲ. ಯಾಕೆ ಮಾತಾಡಲಿಲ್ಲ? ದನಿ ಗುರುತು ಸಿಕ್ಕೀತೆಂದೇ? ಎತ್ತರದ ಆಳು. ಏಟು ಬಿದ್ದದ್ದು ಎಡಗೈಯಿಂದ. ಸ್ಪಾಸಿಯಾಳ ಮಗ ಗೋಟ್ಸೆಯೂ ಎತ್ತರ, ಅವನೂ ಎಡಚ. ಕೆಲಸ ಬೇರೆ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಭಾನುವಾರ ತಾನು ಯಾವ ದಾರಿಯಲ್ಲಿ ಬರುತ್ತೇನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿಲ್ಲದವನು ಅಂತ ಹೇಳಿ ಸುಮ್ಮನಾಗು ಎಂದಳಲ್ಲ ತಂಗಿ.

ಅರ್ಜಿಯನ್ನು ಅವಳು ಮುಟ್ಟಲಿಲ್ಲ. ಆಪ್ತಸಲಹೆಯವಳು ಫೋನ್ ಮಾಡಿದರೆ ಎತ್ತಲಿಲ್ಲ. ಗೋಟ್ಸೆ ಹುಲ್ಲು ಕತ್ತರಿಸಿಕೊಡುತ್ತೇನೆಂದು ಬಂದಾಗ ತಲೆನೋವೆಂದು ಹೇಳಿ, ಪರದೆಯ ಹಿಂದೆ ನಿಂತು ಅವನು ನಡೆದುಹೋಗುವ ರೀತಿಯನ್ನೇ ನೋಡಿದಳು. ಅದೇ ನಡಿಗೆ ಅನ್ನಿಸಿತು. ಮರುಕ್ಷಣ ಅಲ್ಲ ಅನ್ನಿಸಿತು.

ಬೇಸಿಗೆ ಮುಗಿಯುತ್ತ ಬಂದಾಗ ಬಿಟೋಲಾ ಕಡೆಯಿಂದ ಬಂದ ನಮ್ಮವರ ಹಿತ್ತಿಲುಗಳಲ್ಲೆಲ್ಲ ವರ್ಷಪೂರ್ತಿಯ ಚಟ್ನಿಗೆಂದು ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುವ ಹೊಗೆ. ಆ ವರ್ಷ ತ್ರಾಯಾಂಕಾಳಿಂದ ಆಗುವಂತಿರಲಿಲ್ಲ; ಸ್ಪಾಸಿಯಾ ತನ್ನ ಮನೆಗೇ ಕರೆದಳು. ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈಯನ್ನು ನೇತುಹಾಕಿಕೊಂಡು ಅವಳು ಕುರ್ಚಿಯಲ್ಲಿ ಕೂತಳು. ಗೋಟ್ಸೆ ಸರಳಿನಿಂದ ಬೆಂಕಿ ಕೆದಕುತ್ತಿದ್ದ. ಎಡಗೈಯಲ್ಲಿ.

ಕೇಳಬಾರದೆಂದುಕೊಂಡೇ ಬಂದಿದ್ದಳು. ಬಾಯಿ ಅವಳ ಮಾತು ಕೇಳಲಿಲ್ಲ.

"ಗೋಟ್ಸೆ, ಆ ಭಾನುವಾರ ಎಲ್ಲಿದ್ದೆ?"

"ಯಾವ ಭಾನುವಾರ ದೊಡ್ಡಮ್ಮ?"

"ನನ್ನ ಕೈ ಮುರಿದ ಭಾನುವಾರ."

ಸ್ಪಾಸಿಯಾ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದಳು. ಗೋಟ್ಸೆ ದೊಡ್ಡಮ್ಮನನ್ನು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಸರಳನ್ನು ನೋಡಿದ. ಅದನ್ನು ಮೆಲ್ಲಗೆ ನೆಲಕ್ಕಿಟ್ಟ.

"ಮೀನು ಹಿಡಿಯೋಕೆ ಹೋಗಿದ್ದೆ. ಒಬ್ಬನೇ. ಸಾಕ್ಷಿ ಬೇಕಾದ್ರೆ ಮೀನನ್ನೇ ಕೇಳ್ಕೋ."

ಅಷ್ಟು ಹೇಳಿ ಗೇಟು ದಾಟಿ ಹೋದ. ತಂಗಿ ಕಿರುಚುತ್ತಾಳೆ, ಹೊರಗೆ ಹೋಗು ಅನ್ನುತ್ತಾಳೆ ಎಂದು ತ್ರಾಯಾಂಕಾ ಕಾದಳು. ಸ್ಪಾಸಿಯಾ ಮಸಿ ಮೆತ್ತಿದ ಕೈಗಳನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡು ಹತ್ತಿರ ಬಂದು ಕೂತಳು.

"ನಾನು ಅಂಜೂರದ ಮರದಿಂದ ಬಿದ್ದಿದ್ದು ನೆನಪಿದೆಯಾ?"

"ಏಣಿ ಜಾರಿ ಬಿದ್ದೆ. ದವಡೆ ಮುರೀತು. ಈಗ್ಯಾಕೆ ಅದು?"

"ಏಣಿ ಇರ್ಲಿಲ್ಲ ಅಕ್ಕ. ಸ್ತೋಯ್ಮಿರ್ ಇದ್ದ."

ಸ್ತೋಯ್ಮಿರ್ ಸ್ಪಾಸಿಯಾಳ ಗಂಡ. ನಮ್ಮ ಚರ್ಚು ಕಟ್ಟುವಾಗ ಎಲ್ಲರಿಗಿಂತ ಹೆಚ್ಚು ಇಟ್ಟಿಗೆ ಹೊತ್ತವನು. ಮುದುಕಿ ತಾಯಿಯನ್ನು ನೋಡಿಕೊಳ್ಳಲು ಎಲ್ಲ ಬಿಟ್ಟು ಊರಿಗೆ ಮರಳಿದನೆಂದು ಇಡೀ ಬೀದಿ ಅವನನ್ನು ಹೊಗಳುತ್ತಿತ್ತು.

"ಪೊಲೀಸರಿಗೆ ಫೋನ್ ಮಾಡಿದ್ದು ಗೋಟ್ಸೆ. ಆಗ ಅವನಿನ್ನೂ ಸ್ಕೂಲಲ್ಲಿದ್ದ," ಎಂದಳು ಸ್ಪಾಸಿಯಾ. "ಕೇಸು ಕೋರ್ಟಿಗೆ ಬರೋ ಮುಂಚೆ ಸ್ತೋಯ್ಮಿರ್ ವಿಮಾನ ಹತ್ತಿದ. ನಾನು ಇದೇ ಕಚೇರಿಗೆ ಅರ್ಜಿ ಹಾಕಿದೆ. ಶಿಕ್ಷೆ ಆಗದಿದ್ರೂ ಕೊಡ್ತಾರೆ, ನಡೆದಿದ್ದು ನಿಜ ಅಂತ ಅವರಿಗೆ ಅನ್ನಿಸಿದ್ರೆ ಸಾಕು. ಆದ್ರೆ ಎಷ್ಟು ಸಲ ಕೇಳಿದ್ರು ಗೊತ್ತಾ? ಅವನು ಮತ್ತೆ ಮನೆಗೆ ಬರ್ತಾನಾ, ಈ ದುಡ್ಡು ಅವನ ಕೈಗೆ ಹೋಗುತ್ತಾ. ಹೊಡೆದೋನಿಗೆ ಅದರಿಂದ ಲಾಭ ಆಗಬಾರದಂತೆ. ನಿಯಮ ಸರಿಯಾಗೇ ಇದೆ. ಆದ್ರೂ ಹೇಳಿ ಹೇಳಿ, ನಾನೇ ಏನೋ ಕದ್ದಿದ್ದೀನಿ ಅನ್ನಿಸ್ತಿತ್ತು. ಆ ದುಡ್ಡಲ್ಲೇ ಈ ಹಲ್ಲು ಕಟ್ಟಿಸಿದ್ದು. ಬಾಗಿಲ ಬೀಗ ಬದಲಾಯಿಸಿದ್ದು."

ಸ್ಪಾಸಿಯಾ ಅಕ್ಕನ ಕೊರಳಿಗೆ ತೂಗುತ್ತಿದ್ದ ಕೈಯನ್ನು ನೋಡಿದಳು.

"ನಿನಗೆ ಹೊಡೆದೋನು ಯಾರೋ. ನಿನ್ನ ಹಾಸಿಗೇಲಿ ಮಲಗ್ತಿರ್ಲಿಲ್ಲ. ಗೊತ್ತಿಲ್ಲದವನು ಅಂದ್ರೆ ಒಂದು ಮಾತಲ್ಲಿ ಮುಗಿಯುತ್ತೆ ಅಂತ ಹೇಳಿದೆ. ನೀನು ನನ್ನ ಮಗನ ಮೇಲೆ ಹಾಕಿದೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅವನ ಕಡೆ ಮಾತಾಡ್ತಿದ್ದೆ."

ಅದು ನಿಜವೆಂದು ತ್ರಾಯಾಂಕಾಳಿಗೆ ಗೊತ್ತಿತ್ತು. ಊರಿಗೆ ಹೋಗುವವರು ಸಿಕ್ಕಿದಾಗಲೆಲ್ಲ ಸ್ತೋಯ್ಮಿರ್‌ಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದವಳು ಅವಳೇ. ಒಲೆಯ ಮೇಲೆ ಮೆಣಸಿನಕಾಯಿಗಳು ಸೀದು ಕಪ್ಪಾಗುತ್ತಿದ್ದವು. ಇಬ್ಬರೂ ಎದ್ದು ತಿರುಗಿಸಲಿಲ್ಲ.

ಅರ್ಜಿ ತುಂಬಲು ಸ್ಪಾಸಿಯಾಳೇ ಬಂದಳು. ಮಾತು ಕಡಿಮೆ ಇತ್ತು. ಡಾಕ್ಟರ ವರದಿ, ಕ್ಲಬ್ಬಿನ ಸಂಬಳದ ಚೀಟಿ ಎಲ್ಲವನ್ನೂ ಜೋಡಿಸಿ ಕಳಿಸಿದರು. ಚಳಿಗಾಲ ಕಳೆಯಿತು. ಒಂದು ದಿನ ಆ ಕಚೇರಿಯವಳು ಫೋನ್ ಮಾಡಿ ಬ್ಯಾಂಕ್ ಖಾತೆಯ ನಂಬರು ಕೇಳಿದಳು. ತ್ರಾಯಾಂಕಾ ಫಟ್ಟನೆ ಫೋನ್ ಇಟ್ಟಳು. ಮತ್ತೆ ಬಂತು, ಮತ್ತೆ ಇಟ್ಟಳು. ಕೊನೆಗೆ ಸ್ಪಾಸಿಯಾಳೇ ಕಚೇರಿಯ ನಂಬರು ಹುಡುಕಿ ತಾನಾಗಿ ಫೋನ್ ಮಾಡಿದಳು.

"ಬೇಜಾರು ಮಾಡ್ಕೋಬೇಡಿ. ನಮ್ಮಕ್ಕ ದೇವರು ಬಂದ್ರೂ ಗುರುತಿನ ಚೀಟಿ ಕೇಳೋಳು," ಎಂದಳು ಅವಳು.

ದುಡ್ಡು ಬಂತು. ಬೀದಿಯವರು ಊಹಿಸಿದಷ್ಟಲ್ಲ; ತಪ್ಪಿಹೋದ ಸಂಬಳ ತುಂಬಿತು, ಕೈಯ ವ್ಯಾಯಾಮದ ಖರ್ಚು ಕಳೆಯಿತು, ಸ್ವಲ್ಪ ಉಳಿಯಿತು. ಹೊಡೆದವನು ಯಾರೆಂದು ಪೊಲೀಸರಿಗೆ ಕೊನೆಗೂ ತಿಳಿಯಲಿಲ್ಲ. ಬೆರಳುಗಳು ಪೂರ್ತಿ ಮಡಚುವುದಿಲ್ಲ.

ಗೋಟ್ಸೆ ಮಾತ್ರ ಅವಳ ಮನೆ ಕಡೆ ಸುಳಿಯಲಿಲ್ಲ. ಈಸ್ಟರ್ ಹಬ್ಬದ ದೊಡ್ಡ ಉಪವಾಸ ಶುರುವಾಗುವ ಮುಂಚಿನ ಭಾನುವಾರ ನಮ್ಮಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳುವುದು ರೂಢಿ. ಮರುವರ್ಷ ಆ ದಿನ ತ್ರಾಯಾಂಕಾ ಸಂಜೆಯವರೆಗೆ ಕಾದಳು. ಆಮೇಲೆ ಕೋಟು ಹಾಕಿಕೊಂಡು ತಾನೇ ತಂಗಿಯ ಮನೆಗೆ ಹೊರಟಳು. ಬಾಗಿಲು ತೆಗೆದವನು ಗೋಟ್ಸೆ.

"ನಾನು ತಪ್ಪು ತಿಳ್ಕೊಂಡೆ. ಕ್ಷಮಿಸು ಮಗನೇ."

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಕೈ ಮುರಿದಿದ್ದಕ್ಕೆ ಕೊಟ್ರು. ನನ್ನನ್ನ ಹಾಗೆ ನೋಡಿದೆಯಲ್ಲ, ಅದಕ್ಕೆ ಯಾವ ಕಚೇರಿಗೆ ಹೋಗ್ಲಿ ದೊಡ್ಡಮ್ಮ?"

ತ್ರಾಯಾಂಕಾ ಬಾಗಿಲಲ್ಲೇ ನಿಂತಳು. ಹಿಂದಿರುಗಿ ಹೋಗಲಿಲ್ಲ. ಕಡೆಗೆ ಗೋಟ್ಸೆ ಒಳಗೆ ಹೋಗಿ ಒಂದು ಕುರ್ಚಿ ತಂದು ವರಾಂಡದಲ್ಲಿ ಹಾಕಿದ.

"ಕೂತ್ಕೋ. ಅಮ್ಮ ಅಂಗಡಿಗೆ ಹೋಗಿದ್ದಾಳೆ. ಬರ್ತಾಳೆ."

ಅವಳು ಕೂತಳು. ಅವನು ಇನ್ನೊಂದು ಕುರ್ಚಿ ತರಲಿಲ್ಲ, ಒಳಗೂ ಹೋಗಲಿಲ್ಲ.