ಅಪ್ಪ ಮಾರಿದ ಗಾಡಿ

ಶೋರೂಮಿನ ಅಂಗಳದಲ್ಲಿ ಕಾರುಗಳನ್ನು ಜನ ಕೈಯಿಂದ ಸವರಿ ನೋಡುತ್ತಿದ್ದರು. ನನ್ನನ್ನು ಟಯರಿಗೆ ಒದ್ದು ನೋಡುತ್ತಿದ್ದರು. ಕಾರ್ಖಾನೆಯಿಂದ ಹೊರಬಿದ್ದ ವಾರದಲ್ಲೇ ನನ್ನ ಯೋಗ್ಯತೆ ಏನೆಂದು ನನಗೆ ತಿಳಿದುಹೋಯಿತು. ಮುಂದೆ ಇಬ್ಬರು ಮುದುರಿ ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ನಾನು ಹೊರುವ ಗಾಡಿ.

ಒದ್ದವರಲ್ಲಿ ಫಕೀರಪ್ಪನೂ ಒಬ್ಬ. ಅವನೇ ನನ್ನನ್ನು ಕೊಂಡು ಹುಬ್ಬಳ್ಳಿಗೆ ತಂದ. ಅಲ್ಲಿನ ಒಂದು ಅಂಗಡಿಯಿಂದ ಫ್ರಿಜ್ಜು, ಕಪಾಟು, ವಾಷಿಂಗ್ ಮಷೀನು ಹೇರಿಕೊಂಡು ಗಿರಾಕಿಗಳ ಮನೆ ಮುಟ್ಟಿಸುವುದು ನಮ್ಮ ಕೆಲಸವಾಯಿತು. ಗೇಟಿನಲ್ಲಿ ಬೈಸಿಕೊಂಡು ಬಂದರೆ ಅವನು ನನ್ನ ಬಾಗಿಲನ್ನು ಧಡಾರನೆ ಬಡಿಯುತ್ತಿದ್ದ. ಸಿಗ್ನಲ್ಲಿನಲ್ಲಿ ಪೊಲೀಸರು ಗದರಿದರೆ ಸ್ಟಿಯರಿಂಗಿಗೆ ಗುದ್ದುತ್ತಿದ್ದ. ಅವರಿಗೆ ಹೇಳಲಾಗದ ಬೈಗುಳವೆಲ್ಲ ನನ್ನ ಪಾಲಿಗೆ. ನನಗೂ ಅವನ ಮೇಲೆ ಪ್ರೀತಿಯಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಬೇಕೆಂದೇ ತಡಮಾಡಿ ಸ್ಟಾರ್ಟ್ ಆಗುತ್ತಿದ್ದೆ.

ಮಗಳು ಶಿವಲೀಲಾ ಪಿಯುಸಿ ಮುಗಿಸಿದಾಗ ಜಗಳ ಶುರುವಾಯಿತು. ಪರಿಚಯದ ಔಷಧಿ ಅಂಗಡಿಯಲ್ಲಿ ಅವಳಿಗೊಂದು ಕೌಂಟರಿನ ಕೆಲಸಕ್ಕೆ ಫಕೀರಪ್ಪ ಮಾತಾಡಿ ಬಂದಿದ್ದ. ತಲೆಯ ಮೇಲೆ ಫ್ಯಾನು, ಭಾನುವಾರ ರಜೆ. ಅವಳು ಒಲ್ಲೆನೆಂದಳು.

"ನನಗ ಗಾಡಿ ಹೊಡಿಯೂದು ಕಲಸು, ಅಪ್ಪಾ. ನೀ ಇಷ್ಟು ವರ್ಷ ಹೊಡದಿ. ನಾ ಯಾಕ ಹೊಡೀಬಾರ್ದು?"

"ನೀ ಹೊಡೀಬಾರ್ದು ಅಂತನ ನಾ ಹೊಡದೀನಿ," ಎಂದ ಫಕೀರಪ್ಪ. "ನಾಳೆ ಒಂದು ದಿನ ನನ್ನ ಜೋಡಿ ಬಾ. ಸಂಜಿಗೆ ನೀನ ಬ್ಯಾಡ ಅಂತೀ."

ಮರುದಿನ ಅವಳು ಅವನ ಪಕ್ಕದಲ್ಲಿ ಕುಳಿತು ಬಂದಳು. ಹೆದರಿಸಲೆಂದೇ ಅವನು ಅಂದು ಕಷ್ಟದ ಮನೆಗಳನ್ನು ಆರಿಸಿಕೊಂಡಿದ್ದ. ಮಧ್ಯಾಹ್ನದ ಉರಿಬಿಸಿಲಲ್ಲಿ ಒಂದು ಅಪಾರ್ಟ್‌ಮೆಂಟಿನ ಮುಂದೆ ನನ್ನನ್ನು ನಿಲ್ಲಿಸಿದ. ತೊಟ್ಟಿಯಲ್ಲಿ ವಾಷಿಂಗ್ ಮಷೀನು ಇತ್ತು.

"ಸಾಮಾನ ತಂದವ್ರಿಗೆ ಲಿಫ್ಟ್ ಇಲ್ಲ. ಮೆಟ್ಟಲಾ ಹತ್ತಿ ಹೋಗ್ರಿ," ಎಂದ ಕಾವಲುಗಾರ.

ಅಪ್ಪ ಮಗಳು ಎರಡು ಬದಿ ಹಿಡಿದು ಮಷೀನನ್ನು ಮೇಲೆ ಸಾಗಿಸಿದರು. ಬಹಳ ಹೊತ್ತಿನ ಮೇಲೆ ಬೆವರಿನಲ್ಲಿ ತೊಯ್ದು ಇಳಿದು ಬಂದರು. ಅವರ ಹಿಂದೆಯೇ ಮನೆಯ ಯಜಮಾನ ಲಿಫ್ಟಿನಲ್ಲಿ ಬಂದ. ಗೋಡೆಗೆ ಕೈ ಹಚ್ಚಿ ಹೊಲಸು ಮಾಡಿದ್ದಾರೆಂದು ಅವನ ತಕರಾರು. ಬೈದು ಮುಗಿದ ಮೇಲೆ ಶಿವಲೀಲಾಳ ಕಡೆ ನೋಡಿದ.

"ಮಗಳೇನು? ಓದಸಲಿಲ್ಲೇನು ಇಕಿನ್ನ?"

ಫಕೀರಪ್ಪ ಕೈ ಮುಗಿದ. "ತಪ್ಪಾತ್ರೀ ಸಾಹೇಬ್ರ."

"ಓದಸ್ಯಾನ್ರೀ," ಎಂದಳು ಶಿವಲೀಲಾ. "ನಿಮ್ಮ ಹಂಗ ಮಾತಾಡೂದೊಂದು ಕಲಸಲಿಲ್ಲ."

ಕ್ಷಮೆ ಕೇಳೆಂದು ಅಪ್ಪ ಅವಳ ತೋಳು ಹಿಡಿದು ಜಗ್ಗಿದ. ಅವಳು ಕೊಸರಿಕೊಂಡು ಬಂದು ನನ್ನೊಳಗೆ ಕುಳಿತಳು. ಅವನು ಅವಳ ಪರವಾಗಿ ಇನ್ನೊಮ್ಮೆ ಕೈ ಮುಗಿದು ಬಂದ.

ರಸ್ತೆಗೆ ಬಿದ್ದ ಮೇಲೆ ಕೇಳಿದ, "ನೋಡಿದ್ಯೋ ಇಲ್ಲೋ? ಇದಕ್ಕ ಬ್ಯಾಡ ಅಂದೆ."

"ನೋಡಿದೆ. ಕೆಲಸ ಕೆಟ್ಟದ್ದಲ್ಲ. ನೀ ಕೈ ಮುಗಿಯೂದು ಕೆಟ್ಟದ್ದು."

ಅವನು ಬ್ರೇಕನ್ನು ಒತ್ತಿದ ಜೋರಿಗೆ ನನ್ನ ಮೈಯೆಲ್ಲ ಕಿರುಗುಟ್ಟಿತು.

"ಇಳಿ."

ಅವಳು ಇಳಿದಳು. ಅವನು ಹಿಂದೆ ನೋಡದೆ ನನ್ನನ್ನು ಓಡಿಸಿದ. ಕನ್ನಡಿಯಲ್ಲಿ ನಾನು ನೋಡಿದೆ. ಅವಳು ರಸ್ತೆ ಬದಿಗೆ ಸರಿದು ನಡೆಯತೊಡಗಿದ್ದಳು.

ಆ ಯಜಮಾನ ಅಂಗಡಿಗೆ ಫೋನು ಮಾಡಿದ್ದ. ಮರುದಿನ ಅಂಗಡಿಯವರು ಫಕೀರಪ್ಪನನ್ನು ಒಳಗೂ ಕರೆಯದೆ, ಇನ್ನು ಬರಬೇಡ ಎಂದುಬಿಟ್ಟರು. ಬೇರೆ ಅಂಗಡಿ ಹುಡುಕಬಹುದಿತ್ತು. ಅವನು ಹುಡುಕಲಿಲ್ಲ. ಮನೆಯ ಮುಂದೆ ನಾನಿದ್ದರೆ ಮಗಳ ಆಸೆಯೂ ಇರುತ್ತದೆಂದು ಸಿಟ್ಟಿನಲ್ಲಿ ನನ್ನನ್ನು ಗದಗಿನವನೊಬ್ಬನಿಗೆ ಮಾರಿ, ತಾನು ಒಂದು ಗೋದಾಮಿನ ಕಾವಲಿಗೆ ಸೇರಿಕೊಂಡ.

ಗದಗಿನ ಇಮಾಮ್‌ಹುಸೇನ್ ಗಾದಿ ವ್ಯಾಪಾರಿ. ನನ್ನ ಎತ್ತರದ ಎರಡರಷ್ಟು ಗಾದಿ ಹೇರಿ ಹಗ್ಗ ಬಿಗಿಯುತ್ತಿದ್ದ. ಒಮ್ಮೆಯೂ ತೊಳೆಯಲಿಲ್ಲ. ಅವನ ಕೈಯಲ್ಲಿ ನನ್ನ ಬಣ್ಣ ಹೋಯಿತು, ತೊಟ್ಟಿಗೆ ತುಕ್ಕು ಹಿಡಿಯಿತು. ಬಯ್ಯುತ್ತಿರಲಿಲ್ಲ, ನಿಜ. ಆದರೆ ನಾನೊಂದು ಇದ್ದೇನೆಂಬ ನೆನಪೇ ಅವನಿಗಿರಲಿಲ್ಲ. ಅದಕ್ಕಿಂತ ಫಕೀರಪ್ಪನ ಬೈಗುಳವೇ ವಾಸಿಯೆನಿಸಿತು.

ಕೆಲವು ವರ್ಷಗಳ ಮೇಲೆ ಶಿವಲೀಲಾ ಗದಗಿಗೆ ಬಂದಳು, ನನ್ನನ್ನು ಕೇಳಿಕೊಂಡು. ಅಷ್ಟು ದಿನ ಔಷಧಿ ಅಂಗಡಿಯಲ್ಲಿ ನಿಂತಿದ್ದಳಂತೆ. ನಿಂತೇ ಇದ್ದಳು. ಕೌಂಟರಿನವರು ಕೂರುವುದು ಅಲ್ಲಿನ ಮಾಲೀಕನಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿದ್ದಳು.

"ಹೆಣ್ಮಕ್ಕಳ ಜೋಡಿ ನಾ ವ್ಯವಹಾರ ಮಾಡೂದಿಲ್ಲ. ನಿಮ್ಮಪ್ಪನ್ನ ಕಳಸವಾ," ಎಂದ ಇಮಾಮ್‌ಹುಸೇನ್.

ಮುಂದಿನ ವಾರ ಮಗಳ ಜೊತೆ ಫಕೀರಪ್ಪ ಬಂದ. ಹೆಂಡತಿಯ ಒತ್ತಾಯಕ್ಕೆ ಬಂದವನು ಮುಖ ಗಂಟಿಕ್ಕಿಕೊಂಡೇ ಬಾನೆಟ್ ಎತ್ತಿ ನೋಡಿದ.

"ಇಂಜಿನ್ ಬರೋಬರಿ ಐತಿ," ಎಂದ. "ಡ್ರೈವರ್ ಬಗ್ಗೆ ನಾ ಏನೂ ಹೇಳೂದಿಲ್ಲ."

ವ್ಯಾಪಾರ ಕುದುರಿತು. ಹುಬ್ಬಳ್ಳಿಯವರೆಗೆ ಅವಳೇ ಓಡಿಸಿದಳು. ಅವನು ಪಕ್ಕದಲ್ಲಿ ಕುಳಿತು ಅವಳ ಗೇರು, ಕ್ಲಚ್ಚು, ಹಾರ್ನು ಎಲ್ಲದಕ್ಕೂ ತಪ್ಪು ಹುಡುಕಿದ.

ಅಪ್ಪನ ಹಾಗೆಯೇ ಅಂಗಡಿಗಳ ಸಾಮಾನು ಸಾಗಿಸತೊಡಗಿದಳು, ಆದರೆ ಕೈ ಮುಗಿಯಲಿಲ್ಲ. ಲಿಫ್ಟು ಕೊಡದ ಕಡೆ ಸಾಮಾನನ್ನು ಗೇಟಿನೊಳಗೆ ಇಳಿಸಿ ಬರುತ್ತಿದ್ದಳು. ಹಾಗಾಗಿ ಎರಡು ಅಂಗಡಿಯವರು ಅವಳನ್ನು ಬಿಟ್ಟರು. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳು ಬಾಡಿಗೆಯನ್ನು ಅವಳಿಗೆ ಸಿಗಗೊಡದೆ ಹಾರಿಸಿಕೊಂಡು ಹೋಗಿ ನಗುತ್ತಿದ್ದರು. ಬಾಡಿಗೆಯಿಲ್ಲದ ಒಂದು ಮಧ್ಯಾಹ್ನ ಔಷಧಿ ಅಂಗಡಿಯ ಮಾಲೀಕ ಫೋನು ಮಾಡಿ, ಮತ್ತೆ ಬಾ, ಈ ಸಲ ಕುರ್ಚಿ ಹಾಕಿಸುತ್ತೇನೆ ಎಂದ. ಅವಳು ನನ್ನ ತೊಟ್ಟಿಯ ಹಗ್ಗಗಳನ್ನು ಬಿಚ್ಚಿ ಮತ್ತೆ ಸುತ್ತಿಟ್ಟಳು. ಆಮೇಲೆ ಅವ್ವನಿಗೆ ಫೋನು ಹಚ್ಚಿದಳು.

"ಅಲ್ಲಿ ದಿನಾ ಒಬ್ಬನ ಕಡೆನ ಬೈಸ್ಕೋಬೇಕು, ಅವ್ವಾ. ಇಲ್ಲಿ ದಿನಾ ಬ್ಯಾರೆಬ್ಯಾರೆಯವ್ರು ಬೈತಾರ. ಬೈದವ್ರನ್ನ ಬಿಟ್ಟು ಮುಂದ ಹೋಗಬಹುದು. ನಾ ಅಲ್ಲಿ ಹೋಗೂದಿಲ್ಲ."

ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಅವಳ ಬಾಯಿಂದ ಕೇಳಲಿಲ್ಲ.

ನಾನು ಸೋತುಹೋಗುವವರೆಗೂ ಅವಳು ನನ್ನನ್ನು ದುಡಿಸಿದಳು. ನಂತರ ನನಗಿಂತ ದೊಡ್ಡದೊಂದು ಗಾಡಿ ತಂದಳು. ಕಳೆದ ತಿಂಗಳು ನನ್ನನ್ನು ಇಲ್ಲಿ, ಈ ಗುಜರಿಗೆ, ಹಗ್ಗ ಕಟ್ಟಿ ಎಳೆದು ತಂದರು. ಶಿವಲೀಲಾಳ ಜೊತೆ ಫಕೀರಪ್ಪನೂ ಬಂದಿದ್ದ. ಗುಜರಿಯವನು ನನ್ನ ಚಕ್ರ ಬಿಚ್ಚುತ್ತ ಅವನನ್ನು ಕೇಳಿದ:

"ಮಗಳು ಏನ್ ಮಾಡ್ತಾಳ್ರೀ, ಯಜಮಾನ್ರ?"

"ಗಾಡಿ ಹೊಡೀತಾಳ. ನಾ ಬ್ಯಾಡ ಅಂದಿದ್ದೆ. ಈಗೂ ಬ್ಯಾಡ ಅಂತೀನಿ."

ಶಿವಲೀಲಾಳಿಗೆ ಕೇಳಿಸಿತು. ಅವಳು ನನ್ನನ್ನು ಮಾರಿದ ದುಡ್ಡು ಎಣಿಸುವುದನ್ನು ಮುಂದುವರಿಸಿದಳು.

ಇಬ್ಬರಲ್ಲಿ ಯಾರದು ಸರಿ ಎಂದು ನನ್ನನ್ನು ಕೇಳಬೇಡಿ. ಹೊತ್ತು ಹೊತ್ತು ಅಪ್ಪನ ಬೆನ್ನು ಬಾಗಿದ್ದನ್ನೂ ಕಂಡಿದ್ದೇನೆ, ಮಗಳು ತಲೆಯೆತ್ತಿ ಓಡಿಸಿದ್ದನ್ನೂ ಕಂಡಿದ್ದೇನೆ. ಇಬ್ಬರೂ ನನಗೊಂದು ಒಳ್ಳೆಯ ಮಾತು ಆಡಲಿಲ್ಲ. ಕೆಲಸ ಮುಗಿಸಿ ಅವರು ಒಟ್ಟಿಗೇ ಹೊರಟರು, ನಡುವೆ ಸರಿಯಾಗಿ ನನ್ನಷ್ಟು ಅಗಲದ ಜಾಗ ಬಿಟ್ಟುಕೊಂಡು.