ಖಾಲಿ ಇದೆ ಎಂದವಳು

ಜಪಾನಿನ ದ್ವೀಪಗಳ ನಡುವಿನ ಸೇತುವೆಗಳ ಮೇಲೆ ಎಂಟು ದಿನ ಸೈಕಲ್ ಹೊಡೆಯುವುದೆಂದು ನಮ್ಮ ಗುಂಪು ತೀರ್ಮಾನಿಸಿದಾಗ ಡೆಲ್ವಿನ್ ಬರುವುದಿಲ್ಲ ಎಂದೇ ಹೇಳಿದ್ದಳು. ನಮ್ಮೂರು ವಾಂಗರಟ್ಟಾದಲ್ಲಿ ಮೂವತ್ತು ವರ್ಷದಿಂದ ಹೆಂಗಸರ ಕೂದಲು ಕತ್ತರಿಸುತ್ತಿದ್ದವಳು. ದಿನವಿಡೀ ನಿಲ್ಲುವ ಕಾಲಿಗೆ ರಜೆಯಲ್ಲೂ ದುಡಿಮೆಯೇ ಎಂದು ನಕ್ಕಿದ್ದಳು. ನಿಜವಾದ ಕಾರಣ ಹೆದರಿಕೆ. ಲಾರಿ ಬರುವ ಸದ್ದು ಕೇಳಿದರೆ ಸಾಕು, ಸೈಕಲ್ಲಿನಿಂದ ಇಳಿದು ಹುಲ್ಲಿನ ಮೇಲೆ ನಿಂತುಬಿಡುತ್ತಿದ್ದಳು. ಬೆನ್ನುಬಿದ್ದು ಅವಳನ್ನು ಒಪ್ಪಿಸಿದವಳು ನಾನು, ಕೊರಲಿ.

"ನನ್ನ ಹಿಂದೇನೇ ಇರು ಕಣೇ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಿದ್ದೆ.

ಮರುವಾರವೇ ಅವಳು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡಳು.

ನಿವೃತ್ತ ಅಂಚೆಯವನಾದ ಮರ್ವ್ ನಮ್ಮ ಮುಂದಾಳು. ಆರು ಜನರಿಗೂ ಪ್ರತಿ ಭಾನುವಾರ ತಾಲೀಮು: ಮೊದಲು ಇಪ್ಪತ್ತು ಕಿಲೋಮೀಟರು, ಆಮೇಲೆ ನಲವತ್ತು, ಆಮೇಲೆ ಚೀಲಗಳಲ್ಲಿ ಭಾರಕ್ಕೆಂದು ಆಲೂಗಡ್ಡೆ ತುಂಬಿಕೊಂಡು ಎಂಬತ್ತು. ವಸಂತ ಬಂದು ಗೂಡು ಕಾಯುವ ಮ್ಯಾಗ್‌ಪೈ ಹಕ್ಕಿಗಳು ತಲೆಗೆ ಎರಗತೊಡಗಿದಾಗ ಅವನ್ನು ಬೆದರಿಸಲು ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡೆವು. ಕೂಡುರಸ್ತೆಯಲ್ಲಿ ಮಾತ್ರ ಮರ್ವ್ ತುಂಬ ಕಟ್ಟುನಿಟ್ಟು. ಅವರವರ ಕುತ್ತಿಗೆ ಅವರವರೇ ತಿರುಗಿಸಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಕೂಗಬಾರದು ಎನ್ನುತ್ತಿದ್ದ. ಎರಡು ವಾರ ಪಾಲಿಸಿದೆವು. ಆಮೇಲೆ ಮುಂದಿದ್ದವರು ರಸ್ತೆ ನೋಡಿ "ಖಾಲಿ" ಎಂದು ಕೂಗುವುದು, ಹಿಂದಿನವರು ದಾಟುವುದು ರೂಢಿಯಾಯಿತು.

ವಿಮಾನ ಹತ್ತಲು ಮೂರು ವಾರ ಉಳಿದಿದ್ದ ಭಾನುವಾರ ನಾನು ಮುಂದಿದ್ದೆ, ಡೆಲ್ವಿನ್ ನನ್ನ ಹಿಂದೆ, ಮಿಕ್ಕವರು ಇನ್ನೂ ದೂರದಲ್ಲಿ. ಮಿಲಾವಾ ದಾರಿಯ ಕೂಡುರಸ್ತೆ. ಎಡಕ್ಕೆ ಸಾಸಿವೆಯಂತೆ ಹಳದಿ ಹೂಬಿಟ್ಟ ಕನೋಲ ಹೊಲ, ಅದರ ಅಂಚಿನಲ್ಲಿ ಬರುತ್ತಿದ್ದ ಬಿಳಿ ಪಿಕಪ್ ಗಾಡಿ. ನಾನು ಅದನ್ನು ಕಂಡೆ. ನಿಂತು ದಾರಿ ಬಿಡಬೇಕಾದವರು ನಾವು. ಆದರೆ ಒಳ್ಳೆಯ ಲಯದಲ್ಲಿದ್ದೆ, ನಿಲ್ಲಿಸಲು ಮನಸ್ಸಾಗಲಿಲ್ಲ. ದಾಟಬಹುದು ಎನ್ನಿಸಿತು. "ಖಾಲಿ ಇದೆ," ಎಂದು ಕೂಗಿ ದಾಟಿದೆ. ನನಗೆ ಸಮಯವಿತ್ತು, ನನ್ನ ಹಿಂದಿದ್ದವಳಿಗೆ ಇರಲಿಲ್ಲ.

ಗಾಡಿ ಓಡಿಸುತ್ತಿದ್ದವರು ಅರ್ನ್ ಪ್ಯಾಸ್ಕೊ ಎಂಬ ಎಪ್ಪತ್ತೆಂಟರ ಕುರಿಸಾಕಣೆಯವರು. ಹೆಲಿಕಾಪ್ಟರ್ ಬರುವವರೆಗೂ ರಸ್ತೆಯಲ್ಲೇ ಮಂಡಿಯೂರಿ ಡೆಲ್ವಿನ್‌ಳ ಮುಖಕ್ಕೆ ತಮ್ಮ ಟೋಪಿಯ ನೆರಳು ಹಿಡಿದಿದ್ದರು. ನಾನು ಅವಳ ಹತ್ತಿರ ಹೋಗಲಾರದೆ ಬೇಲಿ ಹಿಡಿದುಕೊಂಡು ನಿಂತಿದ್ದೆ.

ಪೊಲೀಸರು ಕೇಳಿದಾಗ ಗಾಡಿ ನನಗೆ ಕಾಣಿಸಲೇ ಇಲ್ಲ ಎಂದೆ. ಆ ಒಂದು ಮಾತಿನಿಂದ ಮುದುಕ ಎಲ್ಲಿಂದಲೋ ಬಿರುಗಾಳಿಯ ಹಾಗೆ ಬಂದನೆಂದಾಯಿತು. ಆ ವಯಸ್ಸಿನವರಿಗೆ ಲೈಸೆನ್ಸ್ ಯಾಕೆ ಕೊಡುತ್ತಾರೋ ಎಂದು ಊರು ಬೇಕರಿಯಲ್ಲಿ, ಕ್ಲಬ್ಬಿನಲ್ಲಿ ಮಾತಾಡಿಕೊಂಡಿತು. ನನ್ನೆದುರೂ ಆಡಿದರು. ನಾನು ಬಾಯಿ ಬಿಡಲಿಲ್ಲ.

ಮೆಲ್ಬರ್ನಿನ ಆಸ್ಪತ್ರೆಯಲ್ಲಿ ಡೆಲ್ವಿನ್‌ಳ ಬಲಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು. ಎರಡು ವಾರದ ಮೇಲೆ ನೋಡಲು ಬಿಟ್ಟರು. ರೈಲಿನುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡು ಹೋಗಿದ್ದೆ. ಮಂಚದಲ್ಲಿ ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಎಲ್ಲ ಹೇಳಿಬಿಟ್ಟೆ.

"ಗೊತ್ತು," ಎಂದಳು. "ನೀನು ಆ ಕಡೆ ನೋಡಿದ್ದನ್ನ ನಾನೂ ನೋಡ್ದೆ. ನೀನು ನೋಡಿದ್ಮೇಲೆ ನಾನ್ಯಾಕೆ ನೋಡ್ಲಿ ಅಂದ್ಕೊಂಡೆ."

ನಾನು ಅಳುತ್ತಿದ್ದೆ. ಅವಳ ಕಣ್ಣು ಒಣಗಿತ್ತು.

"ಕೊರಲಿ, ಆ ಮುದುಕ ನಂಗೆ ವಾರಕ್ಕೆರಡು ಕಾಗದ ಬರೀತಾನೆ, ಕ್ಷಮಿಸಮ್ಮಾ ಅಂತ. ಮೊದ್ಲು ಹೋಗಿ ಅವನಿಗೆ ಹೇಳು. ಇಲ್ಲಿಗೆ ಬರ್ಬೇಡ."

"ಯಾವಾಗ ಬರ್ಲಿ?"

"ಬರ್ಬೇಡ ಅಂದೆನಲ್ಲ."

ಮರುದಿನ ಠಾಣೆಗೆ ಹೋಗಿ ಹೇಳಿಕೆ ಬದಲಿಸಿದೆ. ಅಧಿಕಾರಿ ಮುಖವೆತ್ತದೆ ಬರೆದುಕೊಂಡಳು. ಮರ್ವ್‌ಗೆ ಫೋನಿನಲ್ಲೇ ತಿಳಿಸಿದೆ. ಉಳಿದ ನಾಲ್ವರು ಹೋಗುತ್ತೇವೆ ಎಂದಷ್ಟೇ ಹೇಳಿ ಇಟ್ಟ.

ಪ್ಯಾಸ್ಕೊ ಅವರ ಹೊಲ ಊರಿನಿಂದ ಹತ್ತು ಕಿಲೋಮೀಟರು. ಸೈಕಲ್ ಮುಟ್ಟಲು ಕೈ ಬರಲಿಲ್ಲ, ಸ್ಟಿಯರಿಂಗ್ ಹಿಡಿಯುವ ಧೈರ್ಯವೂ ಇರಲಿಲ್ಲ. ನಡೆದೇ ಹೋದೆ. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟರು. ನಾನು ಹೇಳುವಾಗ ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದರು.

"ಅಂದ್ರೆ ನಾನು ಜೋರಾಗಿ ಬರ್ತಿರ್ಲಿಲ್ಲ," ಎಂದರು ಕೊನೆಗೆ.

"ಇಲ್ಲ. ನಿಮ್ಮದೇನೂ ತಪ್ಪಿಲ್ಲ."

"ನನಗೂ ಹಾಗೇ ನೆನಪಿತ್ತು. ಆದ್ರೆ ಎಲ್ಲರೂ ಹೇಳ್ತಿದ್ರಲ್ಲ, ನನ್ನ ನೆನಪೇ ಸುಳ್ಳಿರ್ಬೇಕು ಅಂದ್ಕೊಂಡೆ." ತಲೆಯೆತ್ತಿ ನನ್ನನ್ನು ನೋಡಿದರು. "ಲೈಸೆನ್ಸ್ ವಾಪಸ್ ಕೊಟ್ಬಿಟ್ಟೆ ಕಣಮ್ಮಾ. ಕುರಿಗಳನ್ನ ಹೋದ ಗುರುವಾರ ಮಾರ್ದೆ. ನಾಯಿನ ಮಗಳು ಕರ್ಕೊಂಡು ಹೋದ್ಲು. ಒಂದು ವಾರ ಮುಂಚೆ ಬರ್ಬಾರ್ದಿತ್ತಾ ನೀನು?"

ಅವರು ಎದ್ದು ಬಾಗಿಲು ತೆರೆದು ಹಿಡಿದರು, ಬೈಯಲಿಲ್ಲ.

ವಾಪಸ್ಸು ಬರುವಾಗ ಯಾರೋ ಒಬ್ಬಳು ಕಾರು ನಿಲ್ಲಿಸಿ ಊರಿಗೆ ಬಿಡಬೇಕಾ ಎಂದು ಕೇಳಿದಳು. ಒಂದು ಮಾತು ಕೂಗಿ ಇಷ್ಟೆಲ್ಲ ಆದ ಮೇಲೆ ಹೂಂ ಎನ್ನಲೋ ಬೇಡ ಎನ್ನಲೋ ತೋಚದೆ ರಸ್ತೆಯ ಅಂಚಿನಲ್ಲಿ ನಿಂತೇ ಇದ್ದೆ. ಸ್ವಲ್ಪ ಹೊತ್ತು ಕಾದು ಅವಳು ಹೊರಟುಹೋದಳು.