ಉಡಿಯೊಳಗಿನ ನಾಲ್ಕು ಹರಳು

ಆ ಮುಂಜಾನೆ ಠಾಣಾ ಕುಶನೂರಿನ ಮೇಲೆ ಮೋಡ ಕವಿದಿತ್ತು. ಹನಿ ಬೀಳಲಿಲ್ಲ, ಗಾಳಿಯೊಂದೇ ತೊಗರಿಯ ಎಳೆ ಸಸಿಗಳನ್ನು ಅಲುಗಿಸುತ್ತಿತ್ತು. ಸತ್ಯಮ್ಮ ಕುರಿಗಳನ್ನು ಗಂಡ ಬಕ್ಕಪ್ಪನಿಗೆ ಒಪ್ಪಿಸಿ, ಮಗಳು ಸಿದ್ದೇಶ್ವರಿಯೊಂದಿಗೆ ಭಾಲ್ಕಿಯ ಬಸ್ಸು ಹತ್ತಿದಳು. ಬೀದರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕಲು ಅಂದೇ ಕಡೆಯ ದಿನ. ಹಾಸ್ಟೆಲ್ ಸಿಗದಿದ್ದರೆ ಹುಡುಗಿಗೆ ಕಾಲೇಜೂ ಇಲ್ಲ. ಹಿಂದಿನ ದಿನ ಔರಾದಿಗೆ ಹೋಗಿ, ನೆಟ್ ಇಲ್ಲವೆಂದು ಬರಿಗೈಯಲ್ಲಿ ಮರಳಿದ್ದರು.

ಭಾಲ್ಕಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ವಿಶಾಖಾಳ ಅಂಗಡಿ. ಸರದಿ ಬರುವಷ್ಟರಲ್ಲಿ ಮೂರು ಗಂಟೆಯಾಯಿತು. ಅರ್ಜಿಗೆ ನಾಲ್ಕು ಪುಟ. ಎರಡು ತುಂಬಿ ಮೂರನೆಯದಕ್ಕೆ ಹೋದರೆ ಹಿಂದಿನದೆಲ್ಲ ಮಾಯ. ಮತ್ತೆ ಹೆಸರಿನಿಂದಲೇ ಶುರು. ಮೂರು ಸಲ ಹೀಗೇ ಆಯಿತು. ಗಡಿಯಾರದಲ್ಲಿ ನಾಲ್ಕೂವರೆ. ಐದಕ್ಕೆ ಅರ್ಜಿ ಮುಚ್ಚುತ್ತದೆ.

"ಯವ್ವಾ, ನಾ ಏನರ ತಪ್ಪ್ ಹೇಳ್ಲಿಕತ್ತೇನೇನ?" ಸಿದ್ದೇಶ್ವರಿ ತಾಯಿಯ ಕಡೆ ತಿರುಗಿದಳು.

ಸತ್ಯಮ್ಮ ಮನದಲ್ಲೇ ಸಿದ್ಧೇಶ್ವರನನ್ನು ನೆನೆದಳು. ಕೈ ತಾನಾಗಿ ಉಡಿಗೆ ಹೋಯಿತು. ಅಲ್ಲಿ ಕುರಿಗೊಂದರಂತೆ ಕಲ್ಲಿನ ಹರಳುಗಳಿದ್ದವು. ಸಂಜೆ ಮಂದೆ ಎಣಿಸುವುದು ಅವಳದೇ ಕೆಲಸ.

"ತಂಗೀ," ಎಂದಳು ವಿಶಾಖಾಳಿಗೆ, ಕಂಪ್ಯೂಟರ್ ತೋರಿಸುತ್ತ, "ಒಂದ್ ದೊಡ್ಡಿಯಿಂದ ಇನ್ನೊಂದ್ ದೊಡ್ಡಿಗಿ ಕುರಿ ಹೊಡಿವಾಗ ಲೆಕ್ಕ ನನ್ನ ಉಡಿಯಾಗ ಇರ್ತದ. ನಿನ್ನ ಡಬ್ಬಿಗಿ ಉಡಿ ಇಲ್ಲೇನ?"

ವಿಶಾಖಾಳ ಬೆರಳು ನಿಂತಿತು.

"ಇತ್ತರಿ ಅಕ್ಕಾ. ನಾನೇ ಬಿಚ್ಚಿಟ್ಟೇನಿ. ಹೋದ ತಿಂಗಳ ಅರ್ಜಿ ಹಾಕ್ಲಿಕ್ಕ ಬಂದಿದ್ದ ಮುನೀರೋದ್ದೀನ ಚಾಚಾನ ಫೋನ್ ನಂಬರ್ ಇನ್ಯಾರದೋ ಅರ್ಜ್ಯಾಗ ಬಂದು ಕುಂತಿತ್ತು. ಅದಕ್ಕ, ಏನೂ ನೆನಪಿಡಬ್ಯಾಡ ಅಂತ ಇದಕ್ಕ ಹೇಳಿದ್ದೆ."

"ಈಗ ಇಡು ಅನ್ನು."

"ಹೇಳ್ತೇನ್ರಿ. ಆದ್ರ ಅರ್ಜಿ ಹೋದ್ ಮ್ಯಾಗ ನಿಮ್ದು ಒಂದಕ್ಷರಾನೂ ಇದರಾಗ ಉಳಿಬಾರ್ದು. ಅದರ ಜವಾಬ್ದಾರಿ ನನ್ ಮ್ಯಾಲ."

ವಿಶಾಖಾ ನೆನಪಿಡುವುದನ್ನು ಮತ್ತೆ ಚಾಲೂ ಮಾಡಿದಳು. ನಾಲ್ಕನೆಯ ಸಲ. ಮೊದಲ ಪುಟ ತುಂಬಿದಾಗ ಸತ್ಯಮ್ಮ ಮೇಜಿನ ಮೇಲೆ ಒಂದು ಹರಳಿಟ್ಟಳು.

"ಇಲ್ಲೂ ಕುರಿ ಎಣಿಸ್ತೀರೇನ್ರಿ?" ವಿಶಾಖಾ ನಕ್ಕಳು.

"ನನ್ನ ಕುರಿಗಿಂತ ನಿನ್ನ ಪುಟಗೋಳೇ ಜಾಸ್ತಿ ಓಡಿ ಹೋಗ್ತಾವ."

ಎರಡನೆಯ ಹರಳು. ಮೂರನೆಯ ಪುಟ ತೆರೆಯಿತು. ವಿಶಾಖಾ ಒಮ್ಮೆ ಹಿಂದಕ್ಕೆ ಹೋಗಿ ನೋಡಿದಳು. ಹೆಸರು ಇತ್ತು. ಊರು ಇತ್ತು. ಸಿದ್ದೇಶ್ವರಿ ಪರದೆಯ ಗಾಜನ್ನು ಬೆರಳಿಂದ ಮುಟ್ಟಿ ನೋಡಿದಳು. ಮೂರನೆಯ ಹರಳೂ ಮೇಜಿಗೆ ಬಂತು. ನಾಲ್ಕನೆಯ ಪುಟದಲ್ಲಿ ಫೋಟೊ ಏರಲು ತಡವಾಗಿ, ಚಕ್ರ ಸುತ್ತುತ್ತಲೇ ಇತ್ತು. ಐದಕ್ಕೆ ಮೂರು ನಿಮಿಷವಿರುವಾಗ ಅರ್ಜಿಯ ನಂಬರ್ ಬಂತು. ನಾಲ್ಕನೆಯ ಹರಳು.

ಸತ್ಯಮ್ಮ ಪರದೆಗೇ ಕೈ ಮುಗಿದಳು. ಪ್ರಿಂಟ್ ಮಡಚಿ, ಮಗಳ ಕೈ ಹಿಡಿದು ಬಸ್ಸಿಗೆಂದು ಎದ್ದಳು.

"ತಡೀರಿ," ಎಂದಳು ವಿಶಾಖಾ.

ಕಂಪ್ಯೂಟರ್ ನೆನಪಿಟ್ಟದ್ದನ್ನೆಲ್ಲ ಅಳಿಸಿ, ಅರ್ಜಿಯನ್ನು ಹೊಸದಾಗಿ ತೆರೆದು ತೋರಿಸಿದಳು. ಹೆಸರಿನ ಜಾಗ ಖಾಲಿಯಿತ್ತು. ಆಮೇಲೆ ಮೇಜಿನ ಮೇಲೆ ಉಳಿದಿದ್ದ ನಾಲ್ಕೂ ಹರಳನ್ನು ಆರಿಸಿ, ಸತ್ಯಮ್ಮನ ಅಂಗೈಯಲ್ಲಿಟ್ಟಳು.